ಮೂಟೆ ಹೊರದ ಲಾರಿ

ಇನ್ನು ಓಡಿಸಲಾರೆ ಎಂದು ನನ್ನ ಗಂಡ ನಮ್ಮ ಪುಟ್ಟ ಲಾರಿಯನ್ನು ಮಾರಲು ಒಪ್ಪಿದ್ದರು. ಅದನ್ನು ನೋಡಲು ಹಳೆಯ ವಾಹನ ಕೊಳ್ಳುವವರೊಬ್ಬರು ಬಂದರು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ; ಇವರು ಪಕ್ಕದಲ್ಲೇ ಕೂತಿದ್ದರು.

ಬಂದವರು ಸುತ್ತ ಬಗ್ಗಿ ನೋಡಿ ನಕ್ಕರು. "ಇದು ಲಾರಿ ಅಲ್ಲಮ್ಮ, ಕಾರು! ಹಿಂದಿನ ಬಾಗಿಲ ಕೀಲು ಇದ್ದ ಗುರುತು ಇನ್ನೂ ಇದೆ ನೋಡಿ. ಯಾರೋ ಅರ್ಧಕ್ಕೆ ಕೊಯ್ದು, ಡ್ರೈವರ್ ಸೀಟಿನ ಬೆನ್ನಿಗೆ ತಗಡು ಹೊಡೆದು, ಹಿಂದೆ ತೊಟ್ಟಿ ಕೂರಿಸಿದ್ದಾರೆ."

"ಇವರೇ ಮಾಡಿದ್ದು," ಎಂದೆ.

"ಅಯ್ಯೋ ಯಜಮಾನ್ರೇ, ಬಂಗಾರದಂಥ ಕಾರು! ಏನು ಹೊಡೀತಿದ್ರಿ, ಇಟ್ಟಿಗೇನಾ?" ಎನ್ನುತ್ತ ಅವರು ತೊಟ್ಟಿಯೊಳಗೆ ಕೈಯಾಡಿಸಿದರು. "ಒಂದು ಗೀರೂ ಇಲ್ವಲ್ಲ. ಒಂದು ಮೂಟೇನೂ ಹಾಕಿಲ್ವಾ?"

ಇವರು ಮುಖ ಆಚೆ ತಿರುಗಿಸಿದರು.

"ಹೋಗ್ಲಿ ಬಿಡಿ. ತಗಡು ಕಿತ್ತು, ಹಿಂದಿನ ಸೀಟು ಕೂರಿಸಿ, ಮೊದಲಿನ ಹಾಗೇ ಮಾಡ್ತೀನಿ."

ಇವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಯಾಕಮ್ಮ, ಬೇಜಾರಾಯ್ತಾ?"

ನಾನು ಸುಲಿದ ಕಾಳನ್ನು ಪಾತ್ರೆಗೆ ಸುರಿದೆ.

"ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ನಮ್ಮ ಮಗಳು ಆ ಹಿಂದಿನ ಸೀಟಿನ ಮೇಲೇ ಪ್ರಾಣ ಬಿಟ್ಲು. ಗಾಡಿ ಓಡಿಸುವಾಗ ಕನ್ನಡೀಲಿ ಆ ಜಾಗ ಕಾಣಬಾರದು ಅಂತ ಇವರು ಸೀಟು ಕಿತ್ತು ತಗಡು ಹೊಡೆದದ್ದು."