ಪುಟದ ನಡುವಿನ ಪಟ್ಟಿ

ನಮ್ಮ ಸಭೆಯಲ್ಲಿ ಆಪ್ತಸಲಹೆ ಕೊಡುವವರು ಮೊದಲು ಮುಂಗೈಗೆ ಪಟ್ಟಿ ಕಟ್ಟಿಕೊಂಡು, ಆಮೇಲೆ ಸತ್ಯವೇದ ತೆರೆಯಬೇಕು. ಜೋಡಿ ಪಟ್ಟಿ ಎದುರು ಕೂತವರ ಕೈಯಲ್ಲಿರುತ್ತದೆ. ಅವರು 'ಆಮೆನ್' ಅನ್ನುವ ತನಕ ಅವರ ನೋವೆಲ್ಲ ಸಲಹೆಗಾರರ ಮೈಗೂ ಬರುತ್ತದೆ. ನಮ್ಮಜ್ಜಿಯ ಕಾಲದಿಂದಲೂ ಹೀಗೇ.

ಮೂರು ವರ್ಷ ಇದೇ ಕುರ್ಚಿಯಲ್ಲಿ ಕೂತು, ಕ್ಷಮೆಯ ಅದೇ ವಚನ ಕೇಳಿ, ಮನೆಗೆ ಹೋಗಿದ್ದೇನೆ. ಪಾಸ್ಟರ್ ಜಯಶೀಲರ ನಿಲುವಂಗಿಯ ಉದ್ದ ತೋಳಿನೊಳಗೆ ಪಟ್ಟಿ ಇದೆ ಎಂದೇ ನಂಬಿದ್ದೆ. ಇವತ್ತು ಅವರು ಪುಸ್ತಕ ತೆರೆದಾಗ ಕಂಡಿತು: ಪಟ್ಟಿಯನ್ನು ಪುಟದ ಗುರುತಿಗೆ ಇಟ್ಟಿದ್ದರು.

"ಎಸ್ತೇರವ್ವ, ಗಂಡನ್ನ ಕ್ಷಮಿಸಿ ಮನಿಗೆ ಹೋಗವ್ವಾ. ಹೊರಗ ಗಾಡಿ ತಗೊಂಡು ನಿಂತಾನ, ಪಾಪ."

"ಮೊದಲ ಪಟ್ಟಿ ಕಟ್ಕೋರಿ."

"ಗಂಡ ಹೆಂಡ್ತಿ ಸಣ್ಣ ಜಗಳಕ್ಕ ಅದೆಲ್ಲಾ ಯಾಕ?"

ನಾನು ಪುಸ್ತಕದಿಂದ ಪಟ್ಟಿ ಎಳೆದು, ಅವರ ಕೈ ಹಿಡಿದು ಮುಂಗೈಗೆ ಬಿಗಿದೆ. ಅವರು ಎಡಕ್ಕೆ ಬಾಗಿ ಮೇಜು ಹಿಡಿದುಕೊಂಡರು.

"ಪಕ್ಕೆಲುಬು ಮುರದೈತೇನು?"

"ಎರಡು. ಮೊನ್ನೆ ಮುರದಾನ. ಈಗ ಓದ್ರಿ."

ಮೊದಲ ಶಬ್ದಕ್ಕೇ ಅವರ ಉಸಿರು ಸಿಕ್ಕಿಕೊಂಡಿತು. ಬೆವರುತ್ತ ಪುಟ ತಿರುವತೊಡಗಿದರು. ಹೊರಗೆ ಗಂಡ ಹಾರ್ನ್ ಹೊಡೆದ. ಪಾಸ್ಟರ್ ಬೆಚ್ಚಿ ನಡುಗಿದರು. ಆ ಹೆದರಿಕೆಯೂ ನನ್ನದೇ.

"ಬ್ಯಾರೆ ವಚನ ಹುಡುಕಬ್ಯಾಡ್ರಿ," ಎಂದೆ. "ಇಷ್ಟು ದಿನ ನನಗ ಓದಿದ್ದನ್ನೇ ಓದ್ರಿ, ಪೂರ್ತಿ. ಆಮೆನ್ ಅನ್ನೂದು ನನ್ನ ಕೈಯಾಗ ಐತಿ. ನನಗೇನೂ ಅವಸರ ಇಲ್ಲ."