ಭಾವನ ಕಿವಿ

ಭಾವ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದ ಬೆಳಿಗ್ಗೆಯೇ ಅವನು ಮೊದಲ ಸಲ ಭಾವನಿಲ್ಲದೆ ಒಬ್ಬನೇ ಬಂದರಿನ ನೀರಿಗಿಳಿದ. "ಇಬ್ಬರಿಲ್ಲದೆ ಇಳಿಯೋ ಹಾಗಿಲ್ಲ, ಗೊತ್ತಲ್ಲ?" ಎಂದು ಮೇಸ್ತ್ರಿ ತಡೆದ. "ಅರ್ಧ ಗಂಟೆ ಕೆಲಸ. ಹಡಗು ಮಧ್ಯಾಹ್ನ ಹೊರಡಬೇಕಂತೆ," ಎಂದು ಇವನು ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡ. ಆ ಮಾತಿಗೇ ಕಾಯುತ್ತಿದ್ದವನಂತೆ ಮೇಸ್ತ್ರಿ ಬೇರೆ ಕಡೆ ಮುಖ ತಿರುಗಿಸಿದ.

ಹಡಗಿನ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದು ತೆಗೆಯುವುದು ಇಬ್ಬರ ಕಸುಬು. ಭಾವ ಎಂದರೆ ಹೆಂಡತಿಯ ಅಣ್ಣ. ಕೆಲಸ ಕಲಿಸಿದವರು, ತಂಗಿಯನ್ನೂ ಕೊಟ್ಟವರು. ಇಪ್ಪತ್ತೆರಡು ವರ್ಷ ಅವರ ಜೊತೆ ಮುಳುಗಿ ಇವನಿಗೆ ಸಾಕುಸಾಕಾಗಿತ್ತು. ನಾಲ್ಕು ಸಲ ಕೈಯಾಡಿಸುವಷ್ಟರಲ್ಲಿ ಅವರಿಗೆ ಈಗ ಏದುಸಿರು. ಅವರ ಗಾಳಿ ಮುಗಿಯಿತೆಂದರೆ ಇವನೂ ಅರ್ಧ ಕೆಲಸ ಬಿಟ್ಟು ಮೇಲೇಳಬೇಕು. ನೀರೊಳಗೂ ಅವರು ಸುಮ್ಮನಿರುವವರಲ್ಲ. ಬಾಯಲ್ಲಿ ಗಾಳಿಯ ನಳಿಕೆ ಕಚ್ಚಿದ್ದರೂ ಕೈಯಲ್ಲೇ ಮಾತು, ಅಲ್ಲಿ ಕೆರಿ, ಇಲ್ಲಿ ಬಿಟ್ಟೆ ಎಂದು. ಇನ್ನು ನೀರಿಗಿಳಿಯಬೇಡಿ ಎಂದು ಡಾಕ್ಟರು ಹೇಳಿಬಿಡಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡಿದ್ದ. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಗಿತ್ತು, ಆದರೆ ಹಿಂತೆಗೆದುಕೊಳ್ಳುವಷ್ಟಲ್ಲ.

ಒಂದು ಕೈ ಹಡಗಿಗೆ ಊರಿ ಇನ್ನೊಂದು ಕೈಯಿಂದ ಕೆರೆಯುತ್ತಾ ಹೋದ. ಭುಜ ತಟ್ಟುವವರಿಲ್ಲ, ಬೆರಳು ತೋರಿಸುವವರಿಲ್ಲ. ತನ್ನ ಉಸಿರಿನ ಗುಳ್ಳೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಸಿಗದ ಏಕಾಂತ ಇಲ್ಲಿ ಪುಕ್ಕಟೆ ಸಿಕ್ಕಿತ್ತು. ಇಷ್ಟು ವರ್ಷದ ದಣಿವು ಮೈಯಿಂದ ಇಳಿದುಹೋದಂತಾಗಿ, ಕೆಲಸ ಮುಗಿದ ಮೇಲೂ ಅವನು ಹಡಗಿನ ಅಡಿಯಲ್ಲೇ ಬಹಳ ಹೊತ್ತು ಸುಮ್ಮನೆ ತೇಲುತ್ತಾ ಇದ್ದ.

ಆಗ ಉಸಿರು ಬಿಗಿಯಿತು. ಎಳೆದರೆ ಅರ್ಧವೇ ಬಂತು. ಗಾಳಿಯ ಮೀಟರು ಸೊಂಟದ ಬಳಿ ತೂಗುತ್ತಿತ್ತು. ಎತ್ತಿ ನೋಡಿದರೆ ಮುಳ್ಳು ಸೊನ್ನೆಗೆ ಅಂಟಿತ್ತು. ತನ್ನ ಮೀಟರನ್ನು ತಾನೇ ನೋಡಿಕೊಳ್ಳುವ ಅಭ್ಯಾಸವೇ ಅವನಿಗಿರಲಿಲ್ಲ. ಅದು ಭಾವ ಹಾಕಿಕೊಟ್ಟ ಪದ್ಧತಿ. ಕೈ ಕೆಲಸದಲ್ಲಿದ್ದಾಗ ತನ್ನದು ತನಗೆ ಮರೆತುಹೋಗುತ್ತದೆ, ಆದ್ದರಿಂದ ಇವನದನ್ನು ಅವರು ನೋಡಬೇಕು, ಅವರದನ್ನು ಇವನು. ಇವತ್ತೂ ಎರಡು ಸಲ ಅವರ ಮೀಟರು ನೋಡಲೆಂದು ಪಕ್ಕಕ್ಕೆ ತಿರುಗಿ ಖಾಲಿ ನೀರನ್ನು ನೋಡಿದ್ದ, ಅಷ್ಟೇ.

ಮೇಲೇಳೋಣವೆಂದರೆ ತಲೆಯ ಮೇಲೆ ಹಡಗು. ಕಬ್ಬಿಣ ತಡವುತ್ತಾ ಪಕ್ಕಕ್ಕೆ ಈಜಿದ. ಯಾವ ಪಕ್ಕ ಹತ್ತಿರ ಎಂಬುದೂ ಹೊಳೆಯಲಿಲ್ಲ. ಹೇಗೋ ಅಂಚು ಸಿಕ್ಕಿತು, ಬೆಳಕು ಸಿಕ್ಕಿತು. ಜೀವ ಬಾಯಿಗೆ ಬಂದಿತ್ತು. ಅದನ್ನು ಹಾಗೇ ಕಚ್ಚಿಕೊಂಡು ಬಂದರು ಕಟ್ಟೆಯ ಮೆಟ್ಟಿಲು ಹತ್ತಿದ.

ಭಾವ ಒಂದು ಕಿವಿಗೆ ಹತ್ತಿ ತುರುಕಿಕೊಂಡು ಡಾಕ್ಟರ ಹತ್ತಿರದಿಂದ ಬಂದಾಗ ಅವನಿನ್ನೂ ಒದ್ದೆ ಮೈಯಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಅವರು ಅವನ ಮುಖ ನೋಡಿದರು, ಬಗ್ಗಿ ಸಿಲಿಂಡರಿನ ಮೀಟರು ನೋಡಿದರು, ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಬ್ಬನೇ ಹೋಗಿದ್ಯಾ?"

"ಹೂಂ."

"ಹೇಗಿತ್ತು?"

"ಹಾಯಾಗಿತ್ತು ಭಾವ," ಎಂದ. ಹಲ್ಲು ಕಟಕಟ ಎನ್ನುತ್ತಿತ್ತು. "ಡಾಕ್ಟರು ಏನಂದ್ರು?"

ಭಾವ ಕೈಯಲ್ಲಿದ್ದ ಚೀಟಿಯನ್ನು ಸಣ್ಣಗೆ ಮಡಿಸಿ ಜೇಬಿಗೆ ಸೇರಿಸಿದರು. "ಏನಿಲ್ಲ ಕಣೋ. ಒಳಗೆ ಕೊಳೆ ಕೂತಿತ್ತಂತೆ, ತೊಳೆದು ಕಳಿಸಿದ್ರು. ನಾಳೆ ಎಷ್ಟೊತ್ತಿಗೆ?"

ಕೊಳೆ ತೊಳೆದ ಕಿವಿಗೆ ಯಾರೂ ಅಷ್ಟು ಹತ್ತಿ ತುರುಕುವುದಿಲ್ಲ. ಹತ್ತಿ ಕೆಂಪಾಗಿತ್ತು. ಚೀಟಿ ಕೊಡಿ ಭಾವ ಎಂದು ಕೈ ಚಾಚಿದ್ದರೆ ಸಾಕಿತ್ತು. ಆದರೆ ಮತ್ತೆ ಒಬ್ಬನೇ ಇಳಿಯುವುದನ್ನು ನೆನೆದ ಕೂಡಲೇ ಅವನಿಗೆ ಹೆದರಿಕೆಯಾಯಿತು, ಬಾಯಲ್ಲಿ ಬೇರೆಯೇ ಮಾತು ಬಂತು.

"ಏಳು ಗಂಟೆಗೆ," ಎಂದ.

ಭಾವನಿಗೆ ಕೇಳಿಸಲಿಲ್ಲ. ಅವನು ಎದ್ದು ಅವರ ಇನ್ನೊಂದು ಪಕ್ಕಕ್ಕೆ ಬಂದು ಕೂತು, ಚೆನ್ನಾಗಿರುವ ಕಿವಿಗೆ ಮತ್ತೊಮ್ಮೆ ಹೇಳಿದ.