ಅಂಗೈಯಷ್ಟು ಜಾಗ

ಆಲೂಗಡ್ಡೆ ಕೀಳುವ ಕಾಲ. ಕಲ್ಲುಕಟ್ಟೆಯ ಮೇಲೆ ಮೂಟೆಗಳು ಸಾಲುಗಟ್ಟಿದ್ದವು. ಹೆಂಡತಿ ಕಾರನ್ನು ಹಿಂದಕ್ಕೆ ತರುತ್ತಿದ್ದಳು. ಗಂಡ ಕಟ್ಟೆಯ ಪಕ್ಕ ನಿಂತು ಕೈಬೀಸುತ್ತ "ಬಾ, ಬಾ" ಅನ್ನುತ್ತಿದ್ದ. ಕುಡಿದು ಓಡಿಸಿ ಸಿಕ್ಕಿಬಿದ್ದು ಅವನ ಲೈಸೆನ್ಸು ಒಂದು ವರ್ಷ ಅಮಾನತಾಗಿತ್ತು. ಕಾರಿಗೆ ಟಾರ್ಪಾಲು ಹೊದಿಸಿ ವಿಮೆ ನಿಲ್ಲಿಸುತ್ತೇನೆಂದರೆ ಏಜೆಂಟ್ ನಕ್ಕಿದ್ದ. "ಹತ್ತು ವರ್ಷ ಒಂದೂ ಕ್ಲೇಮ್ ಮಾಡ್ದೆ ಗಳಿಸಿದ ರಿಯಾಯಿತಿ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಗುತ್ತೆ. ಮನೆಯವ್ರು ಓಡಿಸ್ಲಿ ಬಿಡಿ."

ಆರು ತಿಂಗಳಲ್ಲಿ ಕಾರು ಅವಳ ಕೈಗೆ ಸಾಕಿದ ಹಸುವಿನಂತೆ ಒಗ್ಗಿತ್ತು. ಅವನು ಮೂರು ಸಲ ಹಿಂದೆ ಮುಂದೆ ಮಾಡಿ ಕಟ್ಟೆಗೆ ತರುತ್ತಿದ್ದುದನ್ನು ಅವಳು ಒಂದೇ ಸಲಕ್ಕೆ ತರುತ್ತಿದ್ದಳು. "ಅಕ್ಕನ ನೋಡಿ ಕಲೀರಿ ಅಣ್ಣ!" ಎಂದು ಆಲೂಗಡ್ಡೆ ಆರಿಸುವವಳು ಕೂಗಿದಾಗ ಅವನು ಕಾಲಬಳಿ ಬಿದ್ದಿದ್ದ ಆಲೂಗಡ್ಡೆಯೊಂದನ್ನು ಒದ್ದ.

ಕಟ್ಟೆಗೆ ಇನ್ನೊಂದು ಮೊಳ. "ಬಾ, ಬಾ." ಗೇಣಾಯಿತು. ಈಗ ನಿಲ್ಸು ಅನ್ನಬೇಕಿತ್ತು. ಗುದ್ದಿದರೆ ಕ್ಲೇಮು, ಕ್ಲೇಮಾದರೆ ರಿಯಾಯಿತಿಗೆ ಕೊನೆ. ಹೋದರೆ ಹೋಗಲಿ, ಇವಳ ಮುಖ ಒಮ್ಮೆ ಬಾಡಲಿ ಅನಿಸಿತು. "ಬಾ, ಇನ್ನೂ ಬೇಕಾದಷ್ಟು ಜಾಗ ಇದೆ," ಅಂದ.

ಅವನು ನಿಲ್ಸು ಅನ್ನದಿದ್ದರೂ ಕಾರು ನಿಂತಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ಕನ್ನಡೀಲಿ ನಂಗೂ ಕಾಣುತ್ತೆ ರೀ. ಆ ಹತ್ತು ವರ್ಷದ ರಿಯಾಯಿತಿ ಇರೋದು ನಿಮ್ಮ ಹೆಸ್ರಲ್ಲಿ. ನಾನು ಬರೀ ಅದನ್ನ ಕಾಯೋಳು." ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವನು ಕಲ್ಲಿಗೂ ಕಾರಿಗೂ ನಡುವೆ ಕೈ ತೂರಿಸಿ ನೋಡಿದ. ಅಂಗೈ ಹಿಡಿಸುವಷ್ಟೇ ಜಾಗವಿತ್ತು. ಮೊದಲ ಮೂಟೆಯನ್ನು ತಾನೇ ಡಿಕ್ಕಿಯೊಳಕ್ಕೆ ತಳ್ಳಿದ.